ಶಿಖರಕ್ಕೆ ಮೊದಲು ದಿನಗಳನ್ನು ಎಣಿಸಿ

ಮಗನೋ ಮಗಳೋ ಹಿಮಾಲಯದ ಶಿಖರ ಹತ್ತುತ್ತೇನೆಂದು ಹೊರಟಾಗ ಮನೆಯವರು ಮೊದಲು ಕೇಳುವುದು ಖರ್ಚೆಷ್ಟು ಎಂದು. ಆಮೇಲೆ ಚಳಿಗೆ ಬಟ್ಟೆ ಇದೆಯೇ ಎಂದು. ಆದರೆ ಕೇಳಲೇಬೇಕಾದ ಪ್ರಶ್ನೆ ಬೇರೆ: 'ಎಷ್ಟು ದಿನಗಳಲ್ಲಿ ಎಷ್ಟು ಎತ್ತರ?'

ನೇಪಾಳದ ಐಲೆಂಡ್ ಪೀಕ್ ಅನ್ನೇ ನೋಡಿ. ಮಾರ್ಗದರ್ಶಕರೊಡನೆ ಹೊಸಬರೂ ಹತ್ತುವ ಈ ಶಿಖರ 6,100 ಮೀಟರಿಗೂ ಎತ್ತರ. ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಆದ್ದರಿಂದ ಇಲ್ಲಿನ ಬೆಟ್ಟ ಸಲೀಸಾಗಿ ಹತ್ತಿದೆನೆಂಬ ಧೈರ್ಯ ಅಲ್ಲಿಗೆ ಸಾಲದು.

ಸುಮಾರು 5,500 ಮೀಟರ್ ಎತ್ತರದಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. ಕಟ್ಟುಮಸ್ತಾದ ಮೈಯಿಂದ ಈ ಕಾಲ ಕಡಿಮೆಯಾಗದು. ಬಲಶಾಲಿಗಳೇ ಬಿರುಸಾಗಿ ಏರಿ ಕಾಯಿಲೆ ಬೀಳುವುದುಂಟು.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಈ ದಾರಿಯಲ್ಲಿ ಊರುಗಳು ಲೆಕ್ಕಕ್ಕೆ ಸರಿಯಾಗಿ ಕೂತಿಲ್ಲ. ಅದಕ್ಕೇ ನಾಮ್ಚೆಯಲ್ಲಿ (3,440 ಮೀಟರ್) ಎರಡು ರಾತ್ರಿ, ಡಿಂಗ್‌ಬೋಚೆಯಲ್ಲಿ (4,410 ಮೀಟರ್) ಎರಡು ರಾತ್ರಿ ತಂಗುವುದು ಅಗತ್ಯ. ಇವನ್ನು ಕತ್ತರಿಸಿ ಅಗ್ಗ ಮಾಡಿದ ಪ್ರವಾಸ ನಿಜಕ್ಕೂ ಅಗ್ಗವಲ್ಲ. ಉಳಿದ ಹಣದ ಬೆಲೆಯನ್ನು ದೇಹ ತೆರುತ್ತದೆ.

ಹಣ ಕಟ್ಟುವ ಮೊದಲು ಸಂಘಟಕರನ್ನು ಕೇಳಿ: ಹವೆ ಕೆಟ್ಟರೆ, ಮೈ ಕೆಟ್ಟರೆ ಹೆಚ್ಚುವರಿ ದಿನಗಳಿವೆಯೇ? ಒಬ್ಬ ಮಾರ್ಗದರ್ಶಕನಿಗೆ ಎಷ್ಟು ಜನ? ನಡುರಾತ್ರಿ ಒಬ್ಬರನ್ನು ಕೆಳಗಿಳಿಸಬೇಕಾದರೆ ಜೊತೆಗೆ ಯಾರು ಹೋಗುತ್ತಾರೆ? ಆಮ್ಲಜನಕ ಇದೆಯೇ? ನಿಮ್ಮ ವಿಮೆ ಆ ಎತ್ತರದಿಂದ ಹೆಲಿಕಾಪ್ಟರಿನಲ್ಲಿ ತರುವ ಖರ್ಚು ಕೊಡುತ್ತದೆಯೇ? ಸ್ಪಷ್ಟ ಉತ್ತರ ಬಾರದಿದ್ದರೆ ಬೇರೆಯವರನ್ನು ಹುಡುಕಿ.

ಹೊರಡುವ ಕೆಲವು ವಾರ ಮೊದಲೇ ವೈದ್ಯರನ್ನು ಕಾಣಿ. ಹೃದ್ರೋಗ, ಉಬ್ಬಸ, ರಕ್ತದೊತ್ತಡ, ರಕ್ತಹೀನತೆ ಏನಿದ್ದರೂ ಮುಚ್ಚಿಡಬೇಡಿ. ಕಾಯಿಲೆ ತಡೆಯಲು ಅಸೆಟಜೋಲಮೈಡ್ ಮಾತ್ರೆ ನೆರವಾಗುತ್ತದೆ. ಆದರೆ ಅದು ಬೇಕೇ, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಸಲ್ಫಾ ಔಷಧಿ ಒಗ್ಗದವರು ಅದನ್ನು ತಿಳಿಸಲೇಬೇಕು. ಮೇಲೆ ಮದ್ಯವೂ ಬೇಡ, ನಿದ್ರೆ ಮಾತ್ರೆಯೂ ಬೇಡ.

ತಲೆನೋವಿನೊಂದಿಗೆ ಹಸಿವಿಲ್ಲದಿರುವುದು, ವಾಕರಿಕೆ, ಸುಸ್ತು ಇದ್ದರೆ ಮುಂದೆ ಏರಬೇಡಿ, ಅಲ್ಲೇ ನಿಲ್ಲಿ. ಕಡಿಮೆಯಾಗದಿದ್ದರೆ ಇಳಿಯಿರಿ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಕುಡಿದವರಂತೆ ತೂರಾಡುವ ನಡೆ, ತಡವರಿಸುವ ಮಾತು ಕಂಡರೆ ಶ್ವಾಸಕೋಶಕ್ಕೋ ಮಿದುಳಿಗೋ ನೀರು ತುಂಬುತ್ತಿದೆಯೆಂದೇ ತಿಳಿಯಿರಿ. ಬೆಳಗಾಗಲೆಂದು ಕಾಯದೆ ಕೂಡಲೇ ಕೆಳಗಿಳಿಸಬೇಕು. ಅವರನ್ನು ಒಂಟಿಯಾಗಿ ಮಾತ್ರ ಕಳಿಸಬಾರದು. ಆಮ್ಲಜನಕ, ಔಷಧಿ ಇಳಿಯಲು ಆಸರೆಯೇ ಹೊರತು ಇಳಿಯುವುದಕ್ಕೆ ಬದಲಿಯಲ್ಲ.

ಇಷ್ಟೆಲ್ಲ ತಿಳಿದೂ ಎಷ್ಟೋ ಮಂದಿ ತಲೆನೋವನ್ನು ಬಚ್ಚಿಡುತ್ತಾರೆ. ಕಟ್ಟಿದ ಹಣ, ಊರಲ್ಲಿ ಹೇಳಿಕೊಂಡ ಮಾತು, ಹಿಂದಿರುಗಿದರೆ ನಗುವವರು ಎಲ್ಲ ನೆನಪಾಗುತ್ತವೆ. ನನ್ನ ಮಟ್ಟಿಗೆ ಅತಿ ದೊಡ್ಡ ಅಪಾಯ ಇದೇ. ಇದಕ್ಕೆ ಮದ್ದು ಮನೆಯಲ್ಲಿದೆ. ಬೀಳ್ಕೊಡುವಾಗ 'ಗೆದ್ದು ಬಾ' ಎನ್ನಬೇಡಿ. 'ಶಿಖರ ಮುಟ್ಟದಿದ್ದರೂ ಚಿಂತೆಯಿಲ್ಲ, ಕ್ಷೇಮವಾಗಿ ಬಾ' ಎನ್ನಿ. ಬೆಟ್ಟ ಎಲ್ಲಿಗೂ ಹೋಗದು, ಮುಂದಿನ ವರ್ಷವೂ ಅಲ್ಲೇ ಇರುತ್ತದೆ.