ಕೃತ, ಕಾರಿತ, ಅನುಮೋದಿತ: ನಗರದ ದಂಗೆಯ ಲೆಕ್ಕ



ನಾಡಿನಲ್ಲಿ ಎಲ್ಲಿಯೇ ಗಲಭೆಯಾಗಲಿ, "ಅದು ಅವರವರ ಜಾತಿಯ ಜಗಳ, ನಮಗೇಕೆ?" ಎಂದು ಬಸದಿಯ ಜಗಲಿಯ ಮೇಲೆಯೇ ನುಡಿಯುವವರನ್ನು ಕಂಡಿದ್ದೇನೆ. "ಹೊರಗಿನವರಾದರೂ ಬಂದು ಹದ್ದುಬಸ್ತಿಗೆ ತಂದರೆ ಸಾಕು" ಎನ್ನುವವರೂ ಉಂಟು. ಈ ಎರಡು ಮಾತುಗಳೂ ಅಹಿಂಸೆಯ ವೇಷ ತೊಟ್ಟ ಆಲಸ್ಯವೆಂದೇ ನನ್ನ ಅಭಿಪ್ರಾಯ. ಇದಕ್ಕೆ ದೂರದೇಶದ ನಿದರ್ಶನ ಬೇಡ. ನಮ್ಮ ಮೈಸೂರು ಸೀಮೆಯಲ್ಲಿ 1830-31ರಲ್ಲಿ ನಡೆದ ನಗರದ ದಂಗೆಯೇ ಸಾಕು.

ಅದನ್ನು ಲಿಂಗಾಯತ ರೈತರಿಗೂ ಬ್ರಾಹ್ಮಣ ಅಧಿಕಾರಿಗಳಿಗೂ ನಡೆದ ಕಲಹವೆಂದು ಹೇಳಿ ಮುಗಿಸುವ ರೂಢಿಯಿದೆ. ನಗರ ಸೀಮೆಯ ರೈತರಲ್ಲಿ ಲಿಂಗಾಯತರು ಪ್ರಬಲರಾಗಿದ್ದುದೂ, ಅಧಿಕಾರವು ಬಹುಕಾಲ ಒಂದೇ ಬ್ರಾಹ್ಮಣ ಮನೆತನದ ಹಾಗೂ ಅವರ ನೆಂಟರಿಷ್ಟರ ಕೈಯಲ್ಲಿದ್ದುದೂ ನಿಜ. ಆದರೆ ಉರಿಗೆ ಸೌದೆ ಒದಗಿಸಿದ್ದು ಶರತ್ತು ಪದ್ಧತಿ. ಅಮಲ್ದಾರನು ಇಂತಿಷ್ಟು ಕಂದಾಯ ಕಟ್ಟುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು. ಹೆಚ್ಚು ವಸೂಲಾದರೆ ಸರ್ಕಾರಕ್ಕೆ, ಕಡಿಮೆ ಬಿದ್ದರೆ ಅವನ ಕೈಯಿಂದಲೇ ಭರ್ತಿ. ಇಂಥ ಕರಾರಿನ ಭಾರ ಕಡೆಗೆ ಯಾರ ಹೆಗಲ ಮೇಲೆ ಬೀಳುವುದೆಂದು ವಾಣಿಜ್ಯ ಓದಿದವನಿಗೆ ವಿವರಿಸಬೇಕಾಗಿಲ್ಲ. ಅರಮನೆಯ ಸಾಲಕ್ಕೆ ಬಡ್ಡಿ ಎಣಿಸುತ್ತಿದ್ದ ಸಾಹುಕಾರರು ಯಾವ ಜಾತಿಯವರೆಂದು ನಾನು ಕೇಳಲಾರೆ. ವೃತ್ತಿಯಿಂದ ಅವರು ನನ್ನವರು.

ಹಸಿದವನ ಕೋಪಕ್ಕೆ ಧರ್ಮದ ಬಾವುಟ ದೊರೆತದ್ದು ಆಮೇಲೆ. ಹೈದರನು 1763ರಲ್ಲಿ ಗೆದ್ದುಕೊಂಡ ಕೆಳದಿ ಸಂಸ್ಥಾನದ ವಾರಸುದಾರ ತಾನೆಂದು ಬೂದಿ ಬಸವಪ್ಪನೆಂಬವನು ಎದ್ದು ನಿಂತ. ಕಂದಾಯದ ಬಾಕಿ ಮನ್ನಾ ಎಂದು ಸಾರಿದ. ವೀರಶೈವ ಅರಸೊತ್ತಿಗೆಯ ನೆನಪು, ಸಿಂಹಾಸನದ ಆಸೆ, ರೈತನ ಸಂಕಟ ಮೂರೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡವು. ತರೀಕೆರೆಯ ಪಾಳೆಯಗಾರನೂ ತನ್ನ ಹಳೆಯ ಹಕ್ಕನ್ನು ಹುಡುಕಿಕೊಂಡು ಬಂದ. ಗುಂಡೇಟು ತಿಂದವನು ಮಾತ್ರ ರೈತ.

ಇನ್ನು ಕಂಪನಿ ಸರ್ಕಾರದ ನಡೆ ನೋಡಿ. ದಂಗೆಯನ್ನು ಅಡಗಿಸಲು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸೈನ್ಯ ಕೊಟ್ಟದ್ದು ಅದೇ. 1831ರ ಜೂನ್‌ನಲ್ಲಿ ನಗರವನ್ನು ಹಿಡಿದದ್ದು ಅದೇ. ಅದೇ ವರ್ಷದ ಅಕ್ಟೋಬರಿನಲ್ಲಿ, ದಂಗೆಯಾಯಿತೆಂಬ ಕಾರಣಕ್ಕೇ ಅರಸರಿಂದ ಆಡಳಿತ ಕಿತ್ತುಕೊಂಡದ್ದೂ ಅದೇ. ಗವರ್ನರ್ ಜನರಲ್ ಬೆಂಟಿಂಕ್ ಆಧಾರವಾಗಿ ಹಿಡಿದ 1799ರ ಒಪ್ಪಂದದ ಕಲಮು ಯಾವುದರ ಬಗ್ಗೆ? ವರ್ಷಕ್ಕೆ 7 ಲಕ್ಷ ವರಹದ ಕಪ್ಪ ನಿಲ್ಲುವ ಭಯದ ಬಗ್ಗೆ. ರೈತರು ಪೀಡಿತರಾಗಿದ್ದರೆಂದು ವಿಚಾರಣಾ ಸಮಿತಿ ವರದಿ ಕೊಟ್ಟದ್ದು 1833ರಲ್ಲಿ, ರಾಜ್ಯ ಕೈವಶವಾದ ಎರಡು ವರ್ಷಗಳ ನಂತರ! ಕಬ್ಬನ್ ಸಾಹೇಬರು ನೂರಾರು ಸಣ್ಣ ತೆರಿಗೆಗಳನ್ನು ರದ್ದುಮಾಡಿದರೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆದರೆ ಬಂದವರು 1881ರವರೆಗೆ ಏಳಲಿಲ್ಲ. ಎದ್ದಾಗಲೂ ಕಪ್ಪವನ್ನು 35 ಲಕ್ಷ ರೂಪಾಯಿಗೆ ಏರಿಸಿಯೇ ಎದ್ದರು, ವಸೂಲಿ ಕೆಲವು ವರ್ಷ ಮುಂದೆ ಹೋಯಿತೆಂಬುದು ಬೇರೆ ಮಾತು.

ನಮ್ಮ ಆಗಮವು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯಾಗಿ ಕಾಣುತ್ತದೆ. ಕತ್ತಿ ಹಿಡಿದವನನ್ನು ದೂಷಿಸುವುದು ಸುಲಭ. ಶರತ್ತು ಬರೆಸಿಕೊಂಡವನು, ಬಾವುಟ ಕೊಟ್ಟವನು, ಸೈನ್ಯವನ್ನೂ ಕಪ್ಪವನ್ನೂ ಒಟ್ಟಿಗೆ ಲೆಕ್ಕ ಹಾಕಿದವನು ಕಾರಿತದ ಭಾಗಿಗಳಲ್ಲವೇ? ಶ್ರಾವಕನಿಗೆ ಆತ್ಮರಕ್ಷಣೆಯ ವಿರೋಧೀ ಹಿಂಸೆಯಲ್ಲಿ ಇರುವ ರಿಯಾಯಿತಿಯನ್ನು ಸಂಕಲ್ಪೀ ಹಿಂಸೆಗೆ ಹೊದಿಸಿ "ಧರ್ಮರಕ್ಷಣೆ" ಎನ್ನುವ ಇಂದಿನ ವಾದವು ಶಾಸ್ತ್ರಕ್ಕೂ ಸಲ್ಲದು, ವಿವೇಕಕ್ಕೂ ಸಲ್ಲದು.

ಅನುಮೋದಿತದ ಮಾತಿಗೆ ನಾನೇ ಸಾಕ್ಷಿ. ಕೆಲವು ವರ್ಷಗಳ ಹಿಂದೆ ವಸಂತಪುರದ ನನ್ನ ಅಂಗಡಿಗೆ ಧರ್ಮಕಾರ್ಯವೆಂದು ಕೆಲವರು ಬಂದರು. ರಸೀದಿ ಕೇಳಲು ಸಂಕೋಚವಾಗಿ 5,001 ರೂಪಾಯಿ ಕೊಟ್ಟೆ. ತಿಂಗಳೊಳಗೆ ಅದೇ ಜನ ಹಂಚಿದ ಕರಪತ್ರ ಕೈಗೆ ಬಂತು. ಅನ್ಯಮತೀಯರ ಅಂಗಡಿಗಳಿಗೆ ಕಾಲಿಡಬೇಡಿ ಎಂಬ ಕರೆ ಅದರಲ್ಲಿತ್ತು. ನನ್ನೆದುರಿನ ಸಾಲಿನಲ್ಲೇ ಮೂವತ್ತು ವರ್ಷ ವ್ಯಾಪಾರ ಮಾಡಿದ ಸಾಬರ ಮುಖವನ್ನು ಆ ದಿನ ನೋಡಲಾರದೆ ಹೋದೆ. ಆ ಮೊತ್ತ ನನ್ನ ಪುಸ್ತಕದ ಧರ್ಮಾರ್ಥ ಖಾತೆಯಲ್ಲಿ ಇನ್ನೂ ಹಾಗೆಯೇ ಇದೆ.

ಬಸದಿಗಳ ಟ್ರಸ್ಟಿನ ಧರ್ಮದರ್ಶಿಗಳಲ್ಲಿ ವಿನಂತಿ: ಮತ ಕೇಳಲು ಬಂದವರಿಗೆ ಪಂಚಕಲ್ಯಾಣದ ವೇದಿಕೆಯನ್ನು ಬಿಟ್ಟುಕೊಡಬೇಡಿ. ರಸೀದಿಯಿಲ್ಲದ ಚಂದಾ, ಸ್ವದೇಶದ್ದಾಗಲಿ ವಿದೇಶದ್ದಾಗಲಿ, ಕೊಡುವುದೂ ಬೇಡ, ಪಡೆಯುವುದೂ ಬೇಡ. ಮುಂದಿನ ಮಹಾವೀರ ಜಯಂತಿಯ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಇದನ್ನು ಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿ.