ಗೋದಾಮಿಗೂ ಒಂದು ನಕ್ಷೆ ಬೇಕು



ನಾವು ತಂದಿಟ್ಟ ಚೀಲ ಯಾವ ಅಟ್ಟಿಯಲ್ಲಿದೆ ಎಂಬುದಕ್ಕೆ ಗುಮಾಸ್ತರ ನೆನಪೊಂದನ್ನೇ ನೆಚ್ಚಿ ಕೂರುವುದು ತರವಲ್ಲ. ಗೋಡೆ ಬದಿಯಲ್ಲಿ ಮರೆತುಹೋದ ಹಳೆಯ ಅಡಿಕೆಗೆ ಬೂಷ್ಟು ಹಿಡಿದರೆ ನಷ್ಟ ಬೆಳೆಗಾರನದೇ.

ತಗಡಿನ ಮಾಡಿನಡಿ ಜಿಪಿಎಸ್ ನಂಬುವಂತಿಲ್ಲ. ಅದರ ಅಗತ್ಯವೂ ಇಲ್ಲ. ಉಕ್ರೇನಿನ ವೊಲೊಡಿಮಿರ್ ಅಗಾಫೊಂಕಿನ್ 2011ರಲ್ಲಿ ಹೊರತಂದ ‘ಲೀಫ್‌ಲೆಟ್’ ಎಂಬ ವೆಬ್ ನಕ್ಷೆಯ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಊರು, ರಸ್ತೆಗಳನ್ನು ತೋರಿಸಲು ಹುಟ್ಟಿದ್ದಾದರೂ ಅದರಲ್ಲಿ ‘ಸಿಂಪಲ್’ ಎಂಬ ಒಂದು ಕ್ರಮವಿದೆ. ಅಕ್ಷಾಂಶ, ರೇಖಾಂಶಗಳನ್ನು ಬಿಟ್ಟು ಅಡಿಗಳಲ್ಲೇ ಲೆಕ್ಕ ಹಾಕಬಹುದು. ಗೋದಾಮು 60 ಅಡಿ ಉದ್ದ, 40 ಅಡಿ ಅಗಲ ಎಂದಿಟ್ಟುಕೊಳ್ಳಿ. ನಕ್ಷೆಯ ಕೆಳಗಿನ ಎಡಮೂಲೆ ಸೊನ್ನೆ. ಅಲ್ಲಿಂದ ಮೇಲಕ್ಕೆ 30, ಬಲಕ್ಕೆ 12 ಎಂದರೆ ಅಟ್ಟಿ ಸಿಕ್ಕಿತು. ಮೇಲಕ್ಕೆ ಹೋಗುವ ಅಂಕಿಯನ್ನೇ ಮೊದಲು ಬರೆಯಬೇಕು, ಅಷ್ಟೆ. ಅಟ್ಟಿಯನ್ನು ಒತ್ತಿದರೆ ಲಾಟು ನಂಬರು, ಬಂದ ತಾರೀಖು ಕಾಣುವಂತೆ ಮಾಡಬಹುದು. ಕಂಪ್ಯೂಟರ್ ಕಲಿತ ನಮ್ಮ ಮಕ್ಕಳಿಗೆ ಇದೇನೂ ಕಷ್ಟವಲ್ಲ.

ಆದರೆ ಚೀಲ ಸರಿಸಿದ ದಿನವೇ ದಾಖಲಿಸದಿದ್ದರೆ ಎಂಥ ನಕ್ಷೆಯೂ ಬರೀ ಚಿತ್ರವೇ. ಆದ್ದರಿಂದ ದುಬಾರಿ ತಂತ್ರಾಂಶಕ್ಕೆ ಸಂಘದ ಹಣ ಸುರಿಯುವ ಮೊದಲು ಟೇಪು ಹಿಡಿದು ನಮ್ಮ ಗೋದಾಮನ್ನು ನಾವೇ ಅಳೆಯೋಣ. ತನ್ನ ಮಾಲು ಎಲ್ಲಿದೆಯೆಂದು ತಿಳಿಯುವುದು ಪ್ರತಿ ಸದಸ್ಯನ ಹಕ್ಕು.

– ಕಾರ್ಯದರ್ಶಿ