ಮುಂಗಡಕ್ಕೊಂದು ಲೆಕ್ಕ ಬೇಡವೇ?

ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವದಂಚಿನ ಫ್ರೀಮಾಂಟ್, ಸಿಲಿಕಾನ್ ಕಣಿವೆಯಲ್ಲಿ ದುಡಿಯುವ ಅನೇಕ ಕನ್ನಡಿಗರು ನೆಲೆಸಿರುವ ಉಪನಗರ. 2016ರಿಂದ ಮೂರು ವರ್ಷ ಅಲ್ಲಿನ ಟೌನ್‌ಹೋಮ್ ಒಂದರಲ್ಲಿ ನಾನು ಬಾಡಿಗೆಗಿದ್ದೆ. ಅಕ್ಕಪಕ್ಕದ ಮನೆಗಳೊಡನೆ ಗೋಡೆ ಹಂಚಿಕೊಂಡು ಸಾಲಾಗಿ ನಿಂತ ಎರಡಂತಸ್ತಿನ ಮನೆ. ಮಾಲೀಕರೂ ಕನ್ನಡಿಗರೇ, ದಾವಣಗೆರೆ ಕಡೆಯವರು.

ಬೀಗದ ಕೈ ಕೊಡುವ ದಿನ ಅವರು ನನ್ನೊಡನೆ ಕೋಣೆ ಕೋಣೆ ತಿರುಗಿ, ಗೋಡೆಯ ಗೀರು, ಕಾರ್ಪೆಟ್ಟಿನ ಕಲೆಗಳನ್ನೆಲ್ಲ ಪಟ್ಟಿ ಮಾಡಿ ಸಹಿ ಪಡೆದರು. ನಮ್ಮವರಾಗಿಯೂ ಇಷ್ಟೊಂದು ಅಪನಂಬಿಕೆಯೇ ಎಂದು ಒಳಗೊಳಗೇ ನೊಂದುಕೊಂಡೆ. ಆ ಪಟ್ಟಿಯ ಬೆಲೆ ತಿಳಿದದ್ದು ಮನೆ ಬಿಟ್ಟ ಮೇಲೆ. ಮೂರು ವಾರದೊಳಗೆ ಮುಂಗಡ ಕೈಸೇರಿತು. ಅಡುಗೆ ಕಟ್ಟೆಗೆ ನಾವು ಹತ್ತಿಸಿದ್ದ ಅರಿಸಿನದ ಕಲೆ ತೆಗೆಸಲು ಹಿಡಿದುಕೊಂಡ ಹಣಕ್ಕೆ ರಸೀದಿಯೂ ಇತ್ತು. ಮಾಸಿದ ಬಣ್ಣಕ್ಕಾಗಲಿ, ಸವೆದ ಕಾರ್ಪೆಟ್ಟಿಗಾಗಲಿ ಒಂದು ಡಾಲರೂ ಕಡಿತವಿರಲಿಲ್ಲ.

ಅದು ಅವರ ಔದಾರ್ಯವಲ್ಲ, ಕ್ಯಾಲಿಫೋರ್ನಿಯಾದ ಕಾನೂನು. ಮನೆ ತೆರವಾದ 21 ದಿನಗಳೊಳಗೆ ಮುಂಗಡವನ್ನು ಹಿಂದಿರುಗಿಸಬೇಕು. ಹಿಡಿದುಕೊಂಡ ಹಣಕ್ಕೆ ಬಾಬುವಾರು ಲೆಕ್ಕ ಕೊಡಬೇಕು. ಸಹಜ ಸವೆತಕ್ಕೆ ಹಣ ಮುರಿಯುವಂತಿಲ್ಲ. ದುರುದ್ದೇಶದಿಂದ ಹಿಡಿದಿಟ್ಟರೆ ಮುಂಗಡದ ಎರಡು ಪಟ್ಟಿನವರೆಗೂ ದಂಡ ತೆರಬೇಕಾದೀತು. 2024ರ ಜುಲೈ 1ರಿಂದ ಮುಂಗಡದ ಮಿತಿಯನ್ನೂ ಒಂದು ತಿಂಗಳ ಬಾಡಿಗೆಗೆ ಇಳಿಸಲಾಗಿದೆ. ಸಣ್ಣ ಮಾಲೀಕರು ಮಾತ್ರ ಎರಡು ತಿಂಗಳದನ್ನು ಪಡೆಯಬಹುದು.

ಊರಿಗೆ ಮರಳಿದವನು ಬೆಂಗಳೂರಿನ ಯಲಹಂಕ ಉಪನಗರದಲ್ಲಿ ಮನೆ ಹಿಡಿದೆ. ಹನ್ನೊಂದು ತಿಂಗಳ ಕರಾರು, ಹತ್ತು ತಿಂಗಳ ಬಾಡಿಗೆ ಮುಂಗಡ. ಪಟ್ಟಿಯ ಮಾತೇ ಇಲ್ಲ. ಮಾಲೀಕರು ಸಜ್ಜನರು, ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದವರು. ಆದರೆ ನಾನು ಮನೆ ಬಿಟ್ಟಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಉಳಿದದ್ದು ಬಂದದ್ದು ಹೊಸ ಬಾಡಿಗೆದಾರರು ಮುಂಗಡ ಕೊಟ್ಟ ಮೇಲೆ, ನಾಲ್ಕು ತಿಂಗಳು ತಡವಾಗಿ. ಅಷ್ಟರಲ್ಲಿ ಮುಂದಿನ ಮನೆಗಾಗಿ, ಮಗಳ ಕಾಲೇಜಿಗೆಂದು ಬ್ಯಾಂಕಿನಲ್ಲಿ ಇಟ್ಟಿದ್ದ ಠೇವಣಿಯನ್ನು ಮುರಿಸಿದ್ದೆ.

ಬಾಡಿಗೆ ಕೊಡದವರನ್ನು ಬಿಡಿಸಲು ನ್ಯಾಯಾಲಯಕ್ಕೆ ವರ್ಷಗಟ್ಟಲೆ ಅಲೆಯಬೇಕು, ದೊಡ್ಡ ಮುಂಗಡವೇ ನಮಗೆ ರಕ್ಷೆ ಎಂಬ ಮಾಲೀಕರ ಮಾತು ಸುಳ್ಳಲ್ಲ. ಆದರೆ ನ್ಯಾಯದಾನದ ವಿಳಂಬಕ್ಕೆ ಪರಿಹಾರ ಬಾಡಿಗೆದಾರನ ಉಳಿತಾಯವೇ? 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇಬ್ಬರ ಅಳಲನ್ನೂ ಗಮನಿಸಿದೆ. ವಸತಿಗೆ ಕೊಡುವ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆ ಮೀರಬಾರದು. ಮನೆ ವಶಕ್ಕೆ ಪಡೆದ ದಿನವೇ ಬಾಕಿ ಕಳೆದು ಹಿಂದಿರುಗಿಸಬೇಕು. ವ್ಯಾಜ್ಯಗಳಿಗೆ ಪ್ರತ್ಯೇಕ ಬಾಡಿಗೆ ನ್ಯಾಯಾಲಯ ಇರಬೇಕು. ಆದರೆ ರಾಜ್ಯಗಳು ಶಾಸನವಾಗಿಸದ ಹೊರತು ಅದು ಬರಿಯ ಮಾದರಿ.

ದಾವಣಗೆರೆಯವರನ್ನು ಲೆಕ್ಕಕ್ಕೆ ಹಚ್ಚಿದ್ದು ಅಮೆರಿಕದ ನೀರಲ್ಲ, ಅಲ್ಲಿನ ಕಾನೂನು. ಇಲ್ಲಿನ ಸಜ್ಜನರೂ ಹಾಗೆಯೇ ನಡೆದುಕೊಳ್ಳಬಲ್ಲರು. ಆ ಕಟ್ಟುಪಾಡನ್ನು ಸರ್ಕಾರ ಒದಗಿಸಲಿ. ಅಲ್ಲಿಯವರೆಗೆ ಕರಾರು ಪತ್ರದಲ್ಲಿ ಮನೆಯ ಸ್ಥಿತಿಯ ಪಟ್ಟಿ ಮತ್ತು ಹಣ ಹಿಂದಿರುಗಿಸುವ ಗಡುವು, ಇವೆರಡನ್ನು ಬರೆಸಿಕೊಳ್ಳಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ.